ಮಾಲತೇಶನ ಮೇಲೆ ದೂರು ಹೊತ್ತು ಹೋದೆ

ಭಕ್ತ ಬಾಂಧವರೇ, ಇಂಥ ಅನುಭವ ಬರೆಯುವವರು ದೇವರನ್ನು ಹೊಗಳಿ ಶುರು ಮಾಡುತ್ತಾರೆ. ನಾನು ಬೈದು ಶುರು ಮಾಡುತ್ತೇನೆ. ನಡೆದದ್ದು ಹಾಗೆ, ಸುಳ್ಳು ಯಾಕೆ ಬರೆಯಲಿ?

ನನ್ನ ಹೆಸರು ಗಿರಿಜಾ, ಊರು ಬ್ಯಾಡಗಿ. ಮದುವೆಯಾಗಿಲ್ಲ. ಅವ್ವ ಲಕ್ವಾ ಹೊಡೆದು ಮಲಗಿದಾಗ ನನ್ನನ್ನು ನೋಡಲು ಗಂಡಿನವರು ಬರುತ್ತಿದ್ದ ವಯಸ್ಸು. ಆಕೆ ತೀರಿಕೊಂಡಾಗ ನನ್ನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ನಡುವಿನ ವರ್ಷಗಳೆಲ್ಲ ಆಕೆಯ ಮಂಚದ ಪಕ್ಕದಲ್ಲೇ ಕಳೆದವು. ಕಡೆಯ ದಿನಗಳಲ್ಲಿ ಹಾವೇರಿಯ ದವಾಖಾನೆಯಲ್ಲಿ ಎರಡು ಮಂಚಗಳ ಸಂದಿನಲ್ಲಿ ಚಾಪೆ ಹಾಸಿ ಮಲಗಿದೆ. ಅದಕ್ಕೆ ನನಗೆ ಬೇಸರವಿಲ್ಲ, ಹಡೆದವ್ವ ಅವಳು.

ಬೇಸರ ಬಂದದ್ದು ಆಮೇಲೆ. ಅವ್ವನ ದಿನಕರ್ಮ ಮುಗಿದು ತಿಂಗಳೂ ಆಗಿರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನನ್ನ ಅಣ್ಣ ಮಧ್ಯಾಹ್ನವೇ ಅಂಗಡಿ ಬಿಟ್ಟು ಮನೆಗೆ ಬಂದ. ಕೈಯಲ್ಲಿ ಹೂವಿನ ಪ್ರಸಾದ. ಅವನ ಮಾವ, ಅಂದರೆ ವೈನಿಯ ಅಪ್ಪ, ರಾಣೆಬೆನ್ನೂರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು.

"ಗಿರಿಜಾ ರಾಣೆಬೆನ್ನೂರಿಗೆ ಹೋದ್ರ ಮನಿಗೆ ಚಲೋ ಆಗತೈತೇನಪಾ ಅಂತ ಮಾಲತೇಶನ್ನ ಕೇಳಿದೆ," ಎಂದ ಅಣ್ಣ. "ತಟ್ಟನ ಬಲಕ್ಕ ಕೊಟ್ಟ ನೋಡವಾ. ಮಾವನ್ನ ನೋಡ್ಕೊಳ್ಳಾಕ ನೀನ ಹೋಗಬೇಕು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಓಣಿಯ ಮಾಲತೇಶನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಒದ್ದೆ ಹೂವಿನ ಎಸಳುಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೂರಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮನುಷ್ಯರು ಹೇಳಿದ್ದಾದರೆ ಎದುರು ಮಾತಾಡಬಹುದು. ದೇವರೇ ಹೇಳಿದ ಮೇಲೆ ಯಾರ ಮುಂದೆ ಬಾಯಿ ಬಡಿದುಕೊಳ್ಳಲಿ?

ವೈನಿ ಸಮಾಧಾನ ಹೇಳಲೆಂದೇ ಬಂದಳು. "ನಿನಗ ರೂಢಿ ಐತಲ್ಲವಾ. ಹೊಸಾಕಿಗೆ ಆದ್ರ ತ್ರಾಸ ಆಗತೈತಿ," ಎಂದಳು. ಮಂಚ ಹೊತ್ತು ನಿಲ್ಲಲಿಕ್ಕೆ ನಾನೇನು ಮಂಚದ ಕಾಲೇ? ಆದರೂ "ಒಲ್ಲೆ" ಎಂಬ ಎರಡಕ್ಷರ ಬಾಯಿಂದ ಹೊರಡಲಿಲ್ಲ. ಚಿಕ್ಕಂದಿನಿಂದಲೂ ನಮ್ಮ ಮನೆಯಲ್ಲಿ ನನ್ನನ್ನು ಆಡಿಕೊಳ್ಳುವುದೇ ಹೀಗೆ: "ಗಿರಿಜಾ ಅಂದ್ರ ನಮ್ಮ ಬ್ಯಾಡಗಿ ಕಾಯಿ, ಕೆಂಪಷ್ಟ ಐತಿ, ಖಾರ ಇಲ್ಲ." ಅಂದೂ ಮುಖ ಕೆಂಪಾಯಿತು, ಅಷ್ಟೆ.

ಅಂದಿನಿಂದ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ದಿನಾ ಗುಡಿಗೆ ಹೋಗಿ ಜಗಳ ತೆಗೆದೆ. ಹಗಲೂ ರಾತ್ರಿ ಅವ್ವನ ಸೇವೆ ಮಾಡಿದ್ದಕ್ಕೆ ಇದೇನು ನಿನ್ನ ಬಕ್ಷೀಸು ಎಂದು ಕೇಳಿದೆ. ನಿನ್ನ ಹೂ ನೀನು ವಾಪಸ್ ತೆಗೆದುಕೋ ಎಂದು ಅತ್ತೆ. ಮಾಲತೇಶ ಬೆಳ್ಳಿ ಕಣ್ಣು ಬಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಕಡೆಗೊಂದು ದಿನ ತಲೆ ಕೆಟ್ಟು ಹೋಯಿತು. ಹಾವೇರಿ ಕೋರ್ಟಿನಲ್ಲಿ ಸೋತವರು ಧಾರವಾಡದ ಹೈಕೋರ್ಟಿಗೆ ಹೋಗುವುದಿಲ್ಲವೇ? ಮಾಲತೇಶ ಶಿವನ ಅವತಾರ ತಾನೇ, ಮೇಲಿನ ಶಿವನಿಗೇ ದೂರು ಕೊಡುತ್ತೇನೆ ಎಂದು ನೇಪಾಳದ ಪಶುಪತಿನಾಥನ ಯಾತ್ರೆಗೆ ಹೊರಟೆ. ಅವ್ವನಿಗೂ ಅಲ್ಲಿಗೆ ಹೋಗುವ ಆಸೆ ಇತ್ತು. ರವಿಕೆ ಹೊಲಿದು ಗಳಿಸಿದ್ದು ಕೈಯಲ್ಲಿತ್ತು. ಅಣ್ಣ, "ಹೋಗಿ ಬಾ, ಬಂದ ಮ್ಯಾಲ ಲಗೂನ ರಾಣೆಬೆನ್ನೂರಿಗೆ ಹೊಂಡು," ಎಂದ. ಬಲಿ ಕೊಡುವ ಕುರಿಗೆ ಮೇವು ಹಾಕಿದಂತಿತ್ತು ಅವನ ಉದಾರತನ.

ಹುಬ್ಬಳ್ಳಿಯಲ್ಲಿ ಒಂದು ರೈಲು, ಮುಂದೆ ಇನ್ನೊಂದು, ಗೋರಖಪುರದಿಂದ ಗಡಿಯವರೆಗೆ ಬಸ್ಸು. ಪಕ್ಕದ ಮನೆಯ ಮೆಹಬೂಬಿ ಖಾಲಾರ ಕಟ್ಟೆಯ ಮೇಲೆ ಕಲಿತ ಉರ್ದು ಅಲ್ಲೆಲ್ಲ ಹಿಂದಿಯಾಗಿ ನಡೆಯಿತು. ದಾರಿಯುದ್ದಕ್ಕೂ ಎಲ್ಲರದೂ ಒಂದೇ ಪ್ರಶ್ನೆ, ಜೊತೆಗೆ ಯಾರಿದ್ದಾರೆ? ಯಾರೂ ಇಲ್ಲ ಎಂದರೆ ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಎದುರಿನ ಸೀಟಿನಲ್ಲಿ ಒಬ್ಬನೇ ಕುಳಿತಿದ್ದ ಗಂಡಸನ್ನು ಒಬ್ಬರಾದರೂ ಕೇಳಿದರೇ? ಇಲ್ಲ.

ಗಡಿ ದಾಟಿದೆ. ಎಡೆಬಿಡದ ಮಳೆ. ಗುಡ್ಡ ಕುಸಿದು ಕಾಠ್ಮಂಡು ದಾರಿ ಬಂದ್ ಆಗಿತ್ತು. ತೆರೆಯುವವರೆಗೆ ಪಾಲ್ಪಾದಲ್ಲಿ ಇರಿ, ಗುಡ್ಡದ ಮೇಲಿನ ತಣ್ಣಗಿನ ಊರು ಎಂದು ಬಸ್ಸಿನವರು ಹೇಳಿದರು. "ಇಲ್ಲೂ ವಶೀಲಿ ಹಚ್ಚಿದೆಯಾ ಮಾಲತೇಶಾ?" ಎಂದು ಬಸ್ಸಿನಲ್ಲೇ ಗಟ್ಟಿಯಾಗಿ ಬೈದೆ. ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಪುಣ್ಯ.

ಪಾಲ್ಪಾ ಕಲ್ಲು ಹಾಸಿದ ಕಡಿದಾದ ಓಣಿಗಳ ಊರು. ಬೆಳಿಗ್ಗೆ ಮಂಜು, ಆಮೇಲೆ ದೂರದಲ್ಲೆಲ್ಲೋ ಹಿತ್ತಾಳೆ ಬಡಿಯುವ ಸದ್ದು, ಅಷ್ಟು ಬಿಟ್ಟರೆ ಗದ್ದಲವಿಲ್ಲ. ಮೊದಲ ದಿನ ಅವ್ವನ ಮಗ್ಗಲು ಹೊರಳಿಸಬೇಕೆಂದು ದಡಬಡಿಸಿ ಎದ್ದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಹೊರಳಿಸಲು ಯಾರೂ ಇಲ್ಲದ ಮೇಲೆ ನಾನು ಯಾರು ಎಂಬುದೇ ತಿಳಿಯದೆ ಕುಳಿತು ಅತ್ತೆ.

ಲಾಡ್ಜು ನಡೆಸುವ ಹೆಂಗಸನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ಏನು ತಿನ್ನುತ್ತೀ ಎಂದು ಕೇಳಿದಳು. ಏನಾದರೂ ನಡೆಯುತ್ತದೆ ಎಂದೆ. ಸಂಜೆಗೂ ಹಾಗೇ ಅಂದೆ. ಮರುದಿನವೂ ಹಾಗೇ ಅಂದಾಗ ಆಕೆ ಸೌಟು ಕೆಳಗಿಟ್ಟು ರೇಗಿದಳು. ಆಕೆಯ ಹಿಂದಿಯನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ: "ಏನರ ಅನ್ನೂದು ನನ್ನ ಒಲಿ ಮ್ಯಾಲ ಬೇಯೂದಿಲ್ಲ. ಅನ್ನ ಬೇಕೋ ರೊಟ್ಟಿ ಬೇಕೋ? ಖಾರ ಬೇಕೋ ಬ್ಯಾಡೋ? ನಿನ್ನ ನಾಲಿಗಿಗೆ ಏನ್ ಬೇಕಂತ ನಿನಗ ಗೊತ್ತಿಲ್ಲೇನು?"

ಖರೇ ಹೇಳುತ್ತೇನೆ, ಗೊತ್ತಿರಲಿಲ್ಲ. ಅವ್ವನಿಗೆ ಕುಡಿಸಿ ಉಳಿದ ಸಪ್ಪನೆಯ ಗಂಜಿಯೇ ನನ್ನ ಊಟವಾಗಿತ್ತು. ಪರದೇಶದ ಹೆಂಗಸೊಬ್ಬಳು ನನ್ನನ್ನು ಕೇಳುತ್ತಾಳೆ, ನನ್ನ ಮನೆಯವರು ಒಮ್ಮೆಯೂ ಕೇಳಲಿಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅಣ್ಣ ಮಾಲತೇಶನನ್ನು ಕೇಳಿದ ಮಾತು ನೆನಪಾಯಿತು. ಮನೆಗೆ ಚಲೋ ಆಗುತ್ತದೆಯೇ ಎಂದು ಕೇಳಿದ್ದ. ಆಗದೆ ಏನು? ಪುಕ್ಕಟೆ ಆಳು ಸಿಕ್ಕರೆ ಯಾವ ಮನೆಗೆ ಚಲೋ ಆಗುವುದಿಲ್ಲ? ಕೇಳಿದ್ದಕ್ಕೆ ದೇವರು ಸರಿಯಾಗಿಯೇ ಉತ್ತರ ಕೊಟ್ಟಿದ್ದ. ಗಿರಿಜಾಗೆ ಚಲೋ ಆಗುತ್ತದೆಯೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ದಿನಾ ಗುಡಿಗೆ ಹೋದ ನಾನೂ ಅತ್ತೆ, ಬೈದೆ, ಹೂ ಇಡಿಸಿ ಕೇಳಲಿಲ್ಲ. ಸುಮ್ಮನೆ ಕುಳಿತ ದೇವರನ್ನು ಕಿವುಡ ಎಂದುಕೊಂಡಿದ್ದೆ.

"ರೊಟ್ಟಿ ಬೇಕು," ಎಂದೆ ದೀದಿಗೆ. "ಖಾರ ಬೇಕು. ಉಳ್ಳಾಗಡ್ಡಿ ಬೇಕು. ಅನ್ನ ಒಲ್ಲೆ."

ಕಣ್ಣಲ್ಲಿ ನೀರು ಬರುವಷ್ಟು ಖಾರ ಹಚ್ಚಿ ತಿಂದೆ. ಎಷ್ಟೋ ದಿನಗಳ ಮೇಲೆ ಊಟ ಗಂಟಲಲ್ಲಿ ಇಳಿಯಿತು. ಆಮೇಲಿನ ದಿನಗಳಲ್ಲಿ ಓಣಿ ಓಣಿ ಒಬ್ಬಳೇ ತಿರುಗಿದೆ, ಮನಸ್ಸು ಬಂದಲ್ಲಿ ಕುಳಿತೆ. ತಂಬಿಗೆ ಮಾರುವವನಿಗೆ, ಶಾಲು ಮಾರುವವಳಿಗೆ ಕನ್ನಡದಲ್ಲೇ "ಒಲ್ಲೆ" ಎಂದು ಬಾಯಿ ರೂಢಿ ಮಾಡಿಕೊಂಡೆ. ಕಾಠ್ಮಂಡು ದಾರಿ ತೆರೆದಾಗ ದೀದಿ ಕೂಗಿ ಹೇಳಿದಳು. ನಾನು ಪಶುಪತಿನಾಥನಿದ್ದ ದಿಕ್ಕಿಗೆ ಕೈ ಮುಗಿದು, ದೂರು ವಾಪಸ್ ತೆಗೆದುಕೊಂಡೆ ತಂದೆ, ನನ್ನ ದೇವರ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಹೇಳಿ ಊರಿನ ಕಡೆಯ ಬಸ್ಸು ಹತ್ತಿದೆ.

ಬ್ಯಾಡಗಿ ಮುಟ್ಟಿದವಳೇ ಅಣ್ಣ ವೈನಿಯನ್ನು ಗುಡಿಗೆ ಕರೆದೊಯ್ದೆ. ಪೂಜಾರಿಯಿಂದ ಹೂ ಇಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದೆ. "ಮಾಲತೇಶಾ, ನಾ ರಾಣೆಬೆನ್ನೂರಿಗೆ ಹೋಗೂದಿಲ್ಲ. ಒಲ್ಲೆ. ನಿನಗ ಒಪ್ಪಿಗಿ ಇದ್ರ ಬಲಕ್ಕ ಕೊಡು."

"ದೇವರ ಮುಂದ ಹಿಂಗ ಮಾತಾಡ್ತಾರೇನು?" ಎಂದು ಅಣ್ಣ ಸಿಡುಕಿದ. ಬಹಳ ಹೊತ್ತಾದರೂ ಎಸಳು ಅಲುಗಲಿಲ್ಲ. "ನೋಡ್, ಕೊಡವಲ್ಲ," ಎಂದು ಅವನು ಏಳಲು ಹೋದ.

"ಕುಂದ್ರಣ್ಣಾ," ಎಂದೆ. "ಅವ್ವನ ಮಂಚದ ಮಗ್ಗಲಿಗೆ ಅಷ್ಟು ವರ್ಷ ಕುಂತೇನಿ, ಇವನ ಮುಂದ ಕುಂದ್ರಾಕ ನನಗೇನ್ ಧಾಡಿ? ಕೊಟ್ರೂ ಹೋಗೂದಿಲ್ಲ, ಕೊಡದಿದ್ರೂ ಹೋಗೂದಿಲ್ಲ!"

ಮಾತು ಮುಗಿಯುವುದಕ್ಕೂ ಬಲಭುಜದ ಎಸಳು ಜಾರಿ ಪೂಜಾರಿಯ ತಟ್ಟೆಗೆ ಬೀಳುವುದಕ್ಕೂ ಸರಿಹೋಯಿತು. ಪೂಜಾರಿ "ಏಳು ಕೋಟಿಗೋ!" ಎಂದು ಮಾಲತೇಶನ ಜಯಕಾರ ಕೂಗಿದರು. ಫ್ಯಾನಿನ ಗಾಳಿಗೆ ಬಿದ್ದಿರಬೇಕು ಎಂದು ಈಗ ವೈನಿ ಹೇಳುತ್ತಾಳೆ. ಕರೆಂಟು ಹೋಗಿ ನಾವೆಲ್ಲ ಬೆವರುತ್ತಿದ್ದೆವು, ಅವಳೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳ ಅಪ್ಪನನ್ನು ಈಗ ಅವರ ಗಂಡುಮಕ್ಕಳೇ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದಾರೆ, ಆ ಹಿರಿಯರು ಕೋಲು ಹಿಡಿದು ನಡೆಯುವಂತಾಗಿದ್ದಾರೆ. ನನ್ನ ದೇವರು ಕೇಳಿಸಿಕೊಳ್ಳುತ್ತಾನೆ, ಆದರೆ ನಾವು ಬಾಯಿ ಬಿಟ್ಟು ಹೇಳಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿದಿಲ್ಲ. ಭಕ್ತರೇ, ಮನೆಯ ಹೆಣ್ಣುಮಗಳ ಬಗ್ಗೆ ಹೂ ಕೇಳಲು ಹೋಗುವ ಮುಂಚೆ ಆಕೆಯ ಮುಂದೆ ಒಂದು ಗಳಿಗೆ ಕುಳಿತು ಹೋಗಿ.

ಗುಡಿಯಲ್ಲಿ ಆಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಅಣ್ಣ ತಟ್ಟೆಯಲ್ಲಿದ್ದ ಎಸಳನ್ನು ನೋಡಿದ, ನನ್ನನ್ನು ನೋಡಿದ. "ಹಂಗಾರ ನಿನಗ ಏನ್ ಬೇಕವಾ ಗಿರಿಜಾ?" ಎಂದ.

ನಮ್ಮ ಮನೆಯವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು, ನನಗೆ ಅಳು ಒತ್ತಿ ಬಂತು. ಮಾಲತೇಶನಿಗೆ ಸಾಷ್ಟಾಂಗ ಬಿದ್ದು ಎದ್ದು, ಕಣ್ಣೊರೆಸಿಕೊಂಡು ಹೇಳಿದೆ, "ಇನ್ನೊಮ್ಮೆ ಕೇಳಣ್ಣಾ."