ಭಕ್ತಿಯೆಂದು ಬಗೆದ ಎರಡು ವರ್ಷ

ಅತ್ತೆಯ ಕಾಯಿಲೆಯ ಮೊದಲ ಲಕ್ಷಣವನ್ನು ಮನೆಮಂದಿಯೆಲ್ಲ ಮೆಚ್ಚಿಕೊಂಡೆವು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಮಲಾಪುರದ ನಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆಯಾಗದೆ ಯಾರೂ ತುತ್ತು ಎತ್ತುವಂತಿಲ್ಲ. ನಾನು ಸೊಸೆಯಾಗಿ ಬಂದಾಗ ಅತ್ತೆ ಹಾಕಿದ ಮೊದಲ ಕಟ್ಟಳೆ ಅದು. ಎಪ್ಪತ್ತು ದಾಟಿದ ಮೇಲೆ ಅವರು ದಿನಕ್ಕೆ ಎರಡು ಸಲ ಪೂಜೆಗೆ ಕೂರತೊಡಗಿದರು. ಆಮೇಲೆ ಮೂರು ಸಲ. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ ಏಳುವರು. ನಾನು ತಟ್ಟೆ ಹಾಕುವಷ್ಟರಲ್ಲಿ ಮತ್ತೆ ಹೋಗಿ ಕೂರುವರು. ರೊಟ್ಟಿ ಆರಿ ಬಿರುಸಾಗುತ್ತಿತ್ತು.

"ಎಂಥಾ ಭಕ್ತಿ ಅದರೀ ನಿಮ್ಮತ್ತೀದು," ಎಂದರು ಪಕ್ಕದ ಮನೆಯ ಗಂಗಮ್ಮ. ನಾನೂ ಬಂದವರ ಮುಂದೆ ಹೊಗಳಿದೆ. ಆದರೆ ಅವರು ಉಂಡ ಮೇಲೆಯೇ ನಾನು ಉಂಡು ಪಾಠ ಹೇಳಲು ಶಾಲೆಗೆ ಓಡಬೇಕು. ಈ ಮುದುಕಿ ಬೇಕೆಂದೇ ನನ್ನನ್ನು ಕಾಯಿಸುತ್ತಿದೆ ಎಂದು ಹಲ್ಲು ಕಡಿದದ್ದೂ ಉಂಟು. ಅವರ ಕುಪ್ಪಸಗಳು ಸಡಿಲವಾದವು. ಉಪವಾಸ ಹೆಚ್ಚಾಯಿತು ಅಂದುಕೊಂಡೆವು.

ಒಂದು ಭಾನುವಾರ ಮಧ್ಯಾಹ್ನ ದೇವರ ಮನೆಯಲ್ಲೇ ಕುಸಿದರು.

ಕಲಬುರಗಿಗೆ ಕರೆದೊಯ್ದೆವು. ಎಂ.ಆರ್.ಐ. ಕೋಣೆಯ ಹೊರಗೆ ಟೆಕ್ನಿಷಿಯನ್, ಅತ್ತೆಯ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ತೆಗೆಯಬೇಕೆಂದ. ಲಿಂಗವಿದ್ದ ಆ ಕರಡಿಗೆಯನ್ನು ಅತ್ತೆ ಹಡೆಯುವಾಗಲೂ ಮೈಯಿಂದ ಬಿಟ್ಟವರಲ್ಲ. ದೊಡ್ಡ ರಂಪವಾಗುತ್ತದೆಂದು ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು.

ಅತ್ತೆ ಸುಮ್ಮನೆ ಬಿಚ್ಚಿ ಅವನ ಕೈಗೆ ಕೊಟ್ಟರು.

ಪೂಜೆ ಮಾಡಿದ್ದನ್ನು ಮರೆತೇ ಅವರು ಮತ್ತೆ ಮತ್ತೆ ಕೂರುತ್ತಿದ್ದರೆಂದು ಆಗಲೇ ನನಗೆ ಹೊಳೆಯಿತು. ಡಾಕ್ಟರು ಹೇಳುವುದು ಇನ್ನೇನೂ ಉಳಿದಿರಲಿಲ್ಲ.

"ಮೆದುಳು ಸಣ್ಣ ಆಗ್ಯಾದ್ರೀ. ಅಲ್ಝೈಮರ್ಸ್ ಒಂದೇ ಅಲ್ಲ, ಗೊತ್ತಾಗ್ದಂಗ ಸಣ್ಣ ಸಣ್ಣ ಸ್ಟ್ರೋಕೂ ಆಗ್ಯಾವ. ವಯಸ್ಸಾದವ್ರಿಗಿ ಎರಡೂ ಕೂಡೇ ಬರೋದು ಭಾಳ. ಮರವು ಯಾವಾಗಿಂದ ಅದ?"

"ಮರವು ಇಲ್ರೀ ನಮ್ಮವ್ವಗ," ಎಂದರು ನನ್ನ ಗಂಡ.

"ಎರಡು ವರ್ಷಾತ್ರೀ," ಎಂದೆ ನಾನು. "ನಾವು ಭಕ್ತಿ ಅನ್ಕೊಂಡಿದ್ವಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಹೋಗಿದ್ದು ತಿರುಗಿ ಬರೂದಿಲ್ರೀ. ಮೊದ್ಲ ಅವ್ರ ಹೊಟ್ಟಿಗಿ ಊಟ ಹೋಗ್ಲಿ."

ಎರಡು ವರ್ಷ ಆ ಮೆದುಳು ನಮ್ಮ ಕಣ್ಣೆದುರೇ ಸವೆಯುತ್ತಿತ್ತು, ನಾವು ಕೈಮುಗಿಯುತ್ತಿದ್ದೆವು. ಬೇಗ ತೋರಿಸಿದ್ದರೆ ಏನಾದರೂ ಉಳಿಯುತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಈಗ ಬೆಳಿಗ್ಗೆ ಎದ್ದ ಕೂಡಲೇ, ಸ್ನಾನಕ್ಕೂ ಮೊದಲು, ನಾನೇ ತಿನ್ನಿಸುತ್ತೇನೆ. ಪೂಜೆಗೆ ಕೂತರೆ ಊಟದ ಮಾತೇ ಇಲ್ಲ. ಮೊದಲ ದಿನ ತಡೆಯಲು ಬಂದ ಗಂಡ, ತಾಯಿಯ ಮೊಣಕೈ ಮೂಳೆ ನೋಡಿ ಹೊರಗೆ ಹೋದರು. ಮಾತ್ರೆಗಳಿಂದ ನೆನಪೇನೂ ಮರಳಿಲ್ಲ. ತೂಕ ಎರಡು ಕಿಲೋ ಏರಿದೆ. ಅಷ್ಟಕ್ಕೇ ನನಗೆ ಸಮಾಧಾನ.

ಹಾಲಲ್ಲಿ ನೆನೆಸಿದ ರೊಟ್ಟಿಯ ಮೊದಲ ತುತ್ತು ಎತ್ತಿದಾಗ ದಿನವೂ ಕೇಳುತ್ತಾರೆ: "ನಂದು ಪೂಜಿ ಆಗ್ಯಾದೇನವ್ವಾ?"

"ಆಗ್ಯಾದ್ರೀ ಅತ್ತಿ. ಈಗರೆ ಮಾಡೀರಿ."

ನನ್ನ ಮುಖವನ್ನೊಮ್ಮೆ ನೋಡಿ, ನಂಬಿ, ಬಾಯಿ ತೆರೆಯುತ್ತಾರೆ.