ಅಕ್ಷರ ಮಾತ್ರ ಕಾಣುತ್ತಿದ್ದ ಹುಡುಗಿ

ಶಾಲೆಯಿಂದ ನಿವೃತ್ತಳಾದ ಮೇಲೆ ಪದ್ಮನಾಭನಗರದ ನಮ್ಮ ಮನೆಯಲ್ಲೇ ಸಂಜೆ ಹೊತ್ತು ಇಂಗ್ಲಿಷ್ ಟ್ಯೂಷನ್ ಮಾಡುತ್ತಿದ್ದೆ. ಹತ್ತನೇ ಕ್ಲಾಸಿನ ಆ ಹುಡುಗಿಯನ್ನು ಅವಳ ತಾಯಿ ಕರೆತಂದದ್ದು ದಸರಾ ರಜೆ ಮುಗಿದ ಮೇಲೆ. ತಾಯಿ ಬನಶಂಕರಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮಗಳು ಚೆನ್ನಾಗಿಯೇ ಓದುತ್ತಾಳೆ, ಉತ್ತರ ಬರೆಯುವುದಕ್ಕೆ ಮಾತ್ರ ಸೋಮಾರಿತನ ಎಂದರು.

ನಾನು ಕೊಟ್ಟ ಇಂಗ್ಲಿಷ್ ಪಾಠವನ್ನು ಹುಡುಗಿ ನಿಜಕ್ಕೂ ಚೆನ್ನಾಗಿ ಓದಿದಳು. ಎಲ್ಲೂ ತಡವರಿಸಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಮಗುವನ್ನು ಕಳೆದುಕೊಂಡ ಹೆಂಗಸಿನ ಪುಟ್ಟ ಕತೆ ಅದು. ಆ ಹೆಂಗಸು ಯಾಕೆ ಅಳುತ್ತಿದ್ದಾಳೆ ಎಂದು ಕೇಳಿದೆ. ಹುಡುಗಿ ಪುಟವನ್ನೇ ನೋಡುತ್ತ ಕೂತಳು. ಕನ್ನಡದಲ್ಲಿ ಕೇಳಿದಾಗ ಅದೇ ವಾಕ್ಯವನ್ನು ಇನ್ನೊಮ್ಮೆ ಓದಿದಳು.

ಮೊದಲು ಪ್ರಶ್ನೆಗಳನ್ನು ಓದಿಸಿ ನೋಡಿದೆ. ಗೊತ್ತಿಲ್ಲದ ಪದಗಳ ಅರ್ಥ ಹೇಳಿಕೊಟ್ಟೆ. ಸಂಕ್ರಾಂತಿ ಬಂದರೂ ಅವಳು ಇದ್ದಲ್ಲೇ ಇದ್ದಳು. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕಲೂ ಮನಸ್ಸಾಗದೆ ನಿಂತುಬಿಡುತ್ತಿದ್ದೆ. ಇಷ್ಟು ವರ್ಷ ನಾನು ಕಲಿಸಿದ್ದಾದರೂ ಏನು ಅನ್ನಿಸುತ್ತಿತ್ತು.

ಒಂದು ಸಂಜೆ ಸೋತು ಕೇಳಿದೆ, "ಓದ್ತಾ ಇರುವಾಗ ನಿಂಗೆ ಕಣ್ಮುಂದೆ ಏನ್ ಕಾಣುತ್ತೆ?"

"ಅಕ್ಷರ, ಮಿಸ್," ಅಂದಳು. ಪುಸ್ತಕದಿಂದ ತಲೆಯೆತ್ತಿ, "ಬೇರೆಯವ್ರಿಗೆ ಇನ್ನೇನಾದ್ರೂ ಕಾಣುತ್ತಾ?"

ಮರುದಿನದಿಂದ ಒಂದೊಂದೇ ವಾಕ್ಯ ಓದಿ, ಕಣ್ಣು ಮುಚ್ಚಿ, ಕಂಡದ್ದನ್ನು ಹೇಳು ಎಂದೆ. ಬಹಳ ದಿನ ಏನೂ ಕಾಣಲಿಲ್ಲ. ಆಮೇಲೊಮ್ಮೆ ಮಳೆಯಲ್ಲಿ ಹೊರಗೆ ಉಳಿದ ನಾಯಿಯ ಕತೆ ಓದುತ್ತಿದ್ದವಳು ನಡುವೆಯೇ ನಿಲ್ಲಿಸಿ, "ಬಾಗ್ಲು ಯಾರೂ ತೆಗೀಲೇ ಇಲ್ವಾ ಮಿಸ್?" ಎಂದು ಕೇಳಿದಳು.

ಅದೇ ವಾರ ತಾಯಿ ಬಂದು ಮಗಳನ್ನು ಬಿಡಿಸಿದರು. ಜಯನಗರದ ಟ್ಯೂಷನ್‌ನಲ್ಲಿ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಾರಂತೆ. ಈಗಷ್ಟೇ ಅವಳಿಗೆ ಅರ್ಥವಾಗಲು ಶುರುವಾಗಿದೆ, ದಯವಿಟ್ಟು ಬಿಡಿಸಬೇಡಿ ಎಂದು ಬೇಡಿಕೊಂಡೆ.

"ಎಕ್ಸಾಮ್ ಅಲ್ಲಿವರ್ಗೂ ಕಾಯಲ್ವಲ್ಲ ಮೇಡಂ," ಅಂದರು. ಅವರ ಕಣ್ಣಲ್ಲೂ ನೀರಿತ್ತು. ಅವರನ್ನು ಹೇಗೆ ದೂರಲಿ?

ಹುಡುಗಿ ಇಂಗ್ಲಿಷ್‌ನಲ್ಲಿ ಫೇಲಾದಳು. ಮತ್ತೆ ಬರೆಯಲು ಒಂದು ಅವಕಾಶವಿತ್ತು. ಈ ಸಲ ಅವಳೊಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಮುಖ ಬಾಡಿಹೋಗಿತ್ತು. ದಿನಗಳು ಕಡಿಮೆ, ವಾಕ್ಯವಾಕ್ಯಕ್ಕೂ ಕಣ್ಣು ಮುಚ್ಚುವ ಅವಳ ಓದೋ ಆಮೆಯ ಹಾಗೆ. ಅವಸರಪಡಿಸಿದರೆ ಕಾಣುತ್ತಿದ್ದದ್ದೂ ಮಾಯವಾಗುತ್ತಿತ್ತು. ನಾವಿಬ್ಬರೂ ಭಯದಲ್ಲೇ ಓದಿದೆವು.

ಪರೀಕ್ಷೆ ಮುಗಿಸಿ ಬಸ್ ಸ್ಟಾಪಿನಿಂದಲೇ ಫೋನ್ ಮಾಡಿದಳು. ಸಮಯ ಸಾಲದೆ ಕೊನೆಯ ಪ್ರಶ್ನೆಗಳನ್ನು ಬಿಟ್ಟಿದ್ದಳು. ಎಷ್ಟು ಅಂಕ ಹೋದವೆಂದು ನಾನು ಲೆಕ್ಕ ಹಾಕತೊಡಗಿದೆ. ಅವಳು ಮಾತ್ರ, ಕೊಟ್ಟಿದ್ದ ಪ್ಯಾಸೇಜಿನಲ್ಲಿ ದೋಣಿ ನಡೆಸುವ ಮುದುಕನೊಬ್ಬನಿದ್ದ, ಅವನಿಗೆ ಕಣ್ಣು ಮಂಜಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಎಂದು ತನ್ನದೇ ಮಾತಿನಲ್ಲಿ ಹೇಳತೊಡಗಿದಳು. ಬಸ್ಸುಗಳ ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲ. ಫೋನ್ ಕಿವಿಗೊತ್ತಿ ಕೊನೆಯವರೆಗೂ ಕೇಳಿದೆ.

ಸರಿಯಾಗಿ ಬೇಕಾದಷ್ಟೇ ಅಂಕ ಬಂದು ಪಾಸಾದಳು.